ಬೆಂಗಳೂರಲ್ಲಿ ಸರಿ ಇತ್ತಲ್ಲ ಸಾರ್!

ಮ್ಯಾಪ್ ಮೇಲೆ ಒಂದು ಎಲಿಪ್ಸ್ (ಉದ್ದಕ್ಕೆ ಎಳೆದ ವೃತ್ತ) ಹಾಕೋದು ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದೆ. ಮೂರು ದಿನ ತಿಂತು.

ಬಳ್ಳಾರಿ ರಸ್ತೆಗುಂಟ ಆ ಕಡೆ ಈ ಕಡೆ ಸಿಗ್ನಲ್ ಬಿಡುವ ಟವರಿನ ವ್ಯಾಪ್ತಿಯನ್ನು, ನಕ್ಷೆಯ ಲೆಕ್ಕ ಮಾಡುವ ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಜಿಐಎಸ್‌ನಲ್ಲಿ ತೋರಿಸಬೇಕಿತ್ತು. ನಡುವಿನಿಂದ ಉದ್ದಕ್ಕೆ 3 ಕಿ.ಮೀ., ಅಡ್ಡಕ್ಕೆ 1 ಕಿ.ಮೀ., ಉತ್ತರದಿಂದ 30 ಡಿಗ್ರಿ ಪೂರ್ವಕ್ಕೆ ವಾಲಿರಬೇಕು. ಪರೀಕ್ಷೆಗೆ ಮೇಖ್ರಿ ಸರ್ಕಲ್‌ನ ಕೆಂಪೇಗೌಡ ಗೋಪುರವನ್ನೇ ಕೇಂದ್ರ ಮಾಡ್ಕೊಂಡೆ. ವೃತ್ತ ಮಾಡಿ, ಎಸ್‌ಟಿ_ಸ್ಕೇಲ್‌ನಿಂದ ಹಿಗ್ಗಿಸಿ, ಎಸ್‌ಟಿ_ರೊಟೇಟ್‌ನಿಂದ ತಿರುಗಿಸಿದೆ. ಹೆಬ್ಬಾಳದ ಕಡೆ ಹೋಗಬೇಕಿದ್ದ ತುದಿ ನ್ಯೂ ಬಿಇಎಲ್ ರೋಡ್ ಕಡೆ ಹೋಗಿ ಕೂತಿತ್ತು! ದಿಕ್ಸೂಚಿಯ ಕೋನ ಗಡಿಯಾರದ ಮುಳ್ಳಿನ ಹಾಗೆ ಓಡುತ್ತೆ, ಈ ಫಂಕ್ಷನ್ ಅದಕ್ಕೆ ಉಲ್ಟಾ. ಮೈನಸ್ ಹಾಕಿದೆ, ಮುಗೀತು.

ನಿಜವಾದ ತಪ್ಪು ಸಿಕ್ಕಿದ್ದು ದಿಲ್ಲಿಯ ಡೇಟಾ ಬಂದಾಗ. ಮೀಟರನ್ನು 1,11,000ದಿಂದ ಭಾಗಿಸಿ ಅಕ್ಷಾಂಶ-ರೇಖಾಂಶದ ಡಿಗ್ರಿ ಮಾಡಿದ್ದೆ. ನಮ್ಮೂರಲ್ಲಿ ಒಂದು ಡಿಗ್ರಿ ಅಂದರೆ ಉತ್ತರ-ದಕ್ಷಿಣಕ್ಕೆ 110.6 ಕಿ.ಮೀ., ಪೂರ್ವ-ಪಶ್ಚಿಮಕ್ಕೆ 108.5. ಎರಡು ಪರ್ಸೆಂಟ್ ವ್ಯತ್ಯಾಸ, ಕಣ್ಣಿಗೆ ಬೀಳಲ್ಲ. ದಿಲ್ಲಿಯಲ್ಲಿ ಪೂರ್ವ-ಪಶ್ಚಿಮದ ಡಿಗ್ರಿ ಸುಮಾರು 98ಕ್ಕೆ ಇಳಿಯುತ್ತೆ. ಎಲಿಪ್ಸ್ ಸೊರಗಿತ್ತು, ವಾಲುವಿಕೆಯೂ 30ರಿಂದ 26ರ ಹತ್ತಿರ ಬಂದಿತ್ತು. "ಬೆಂಗಳೂರಲ್ಲಿ ಸರಿ ಇತ್ತಲ್ಲ ಸಾರ್" ಅಂದ ಟೀಮಿನ ಹುಡುಗ. ಸರಿ ಇರಲಿಲ್ಲಪ್ಪ, ಸರಿ ಇದ್ದ ಹಾಗೆ ಕಾಣ್ತಿತ್ತು.

"ಯುಟಿಎಂ 43ಕ್ಕೆ ಹಾಕಿ" ಅನ್ನೋರು ಆಫೀಸಿಗೊಬ್ಬರು ಇರ್ತಾರೆ. ಯುಟಿಎಂ ಅಂದರೆ ಭೂಮಿಯನ್ನು ಆರಾರು ಡಿಗ್ರಿಯ ವಲಯ ಮಾಡಿ ಮೀಟರಿನಲ್ಲಿ ಅಳೆಯುವ ಚಪ್ಪಟೆ ನಕ್ಷೆ, 43 ಅದರಲ್ಲೊಂದು ವಲಯ. ಆ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತೆ, ಬೆಂಗಳೂರು ಅದರ ಅಂಚಿನಲ್ಲಿದೆ, ಕೋಲಾರ ಆಗಲೇ ಆಚೆ ವಲಯ. ಇಲ್ಲಿ ಆ ನಕ್ಷೆಯ ಗ್ರಿಡ್‌ನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ಅಂತರ. ದೇಶಪೂರ್ತಿ ಓಡಬೇಕಾದ ಕ್ವೆರಿಗೆ ಇದನ್ನು ನಾನು ಒಪ್ಪಲ್ಲ.

ನನ್ನ ಮಟ್ಟಿಗೆ ದಾರಿ ಒಂದೇ: ಜಿಯಾಗ್ರಫಿ ಟೈಪ್ (ಭೂಮಿಯನ್ನು ಚಪ್ಪಟೆ ಅನ್ನದೆ ಗುಂಡಗೇ ಲೆಕ್ಕ ಹಾಕುವ ಡೇಟಾ ಬಗೆ), ಎಸ್‌ಟಿ_ಪ್ರಾಜೆಕ್ಟ್. ಪ್ರತಿ ಬಿಂದುವಿಗೂ ಕೇಂದ್ರದಿಂದ ದೂರ, ದಿಕ್ಕು ಕೊಡಿ, ಭೂಮಿಯ ಉಬ್ಬನ್ನು ಅದೇ ನೋಡಿಕೊಳ್ಳುತ್ತೆ. ಆದರೆ ಕೇಂದ್ರದಿಂದ ಐದೈದು ಡಿಗ್ರಿಗೆ ಬಿಂದು ಇಟ್ಟರೆ ತುದಿ ಕೆಡುತ್ತೆ, ಅಲ್ಲಿ ಬಿಂದುಗಳ ನಡುವೆ ಕಾಲು ಕಿ.ಮೀ. ದಾಟುತ್ತೆ. ಉದ್ದಕ್ಕೆ ಕೊಸೈನ್, ಅಡ್ಡಕ್ಕೆ ಸೈನ್ ಹಚ್ಚಿ, ಅದರಿಂದ ದೂರ-ದಿಕ್ಕು ತೆಗೆದರೆ ತುದಿ ದುಂಡಗೆ ಬರುತ್ತೆ.

ಇಷ್ಟಾದ ಮೇಲೂ ಪಾಲಿಗಾನ್ (ಮೊದಲ, ಕೊನೆಯ ಬಿಂದು ಒಂದೇ ಆಗಿ ಮುಚ್ಚಿಕೊಳ್ಳುವ ಆಕೃತಿ) ಆಗಲ್ಲ ಅಂತ ಎರರ್. 0 ಮತ್ತು 360 ಡಿಗ್ರಿಯ ಬಿಂದು ಒಂದೇ ತಾನೇ? ದಶಮಾಂಶದ ಕೊನೇ ಅಂಕಿಯಲ್ಲಿ ಬೇರೆ ಇದ್ದವು. 355ಕ್ಕೆ ನಿಲ್ಲಿಸಿ, ಮೊದಲ ಬಿಂದುವನ್ನೇ ಕೊನೆಗೆ ಮತ್ತೆ ಸೇರಿಸಿದೆ. ಆಗ ಮುಚ್ಚಿಕೊಳ್ತು.