ಟಕ್, ಕಿರ್ರ್, ಟಕ್

ಅರ್ಜಿಯ ಏಳನೆಯ ಪ್ರಶ್ನೆ ಹೀಗಿತ್ತು: ‘ನೀವು ಯಾವ ರೀತಿಯಲ್ಲಿ ಅವಕಾಶವಂಚಿತರು? ನೂರು ಪದಗಳಿಗೆ ಮೀರದಂತೆ ಬರೆಯಿರಿ.’

53 ವರ್ಷದ ಬಾಕಿಯನ್ನು ನೂರು ಪದಗಳಲ್ಲಿ ಚುಕ್ತಾ ಮಾಡುವುದು ಹೇಗೆ? ಪೇಪರ್ ಓದುತ್ತಿದ್ದ ನಮ್ಮವರನ್ನು ಕೇಳಿದೆ. ‘ಮಾತನಾಡಲು ಅವಕಾಶ ಸಿಕ್ಕಿಲ್ಲ ಎಂದು ಮಾತ್ರ ಬರೆಯಬೇಡ. ಸಾಕ್ಷಿಗೆ ನನ್ನನ್ನು ಕರೆಸಿದರೆ ಕಷ್ಟವಾಗುತ್ತದೆ’ ಎಂದರು.

ಅರ್ಜಿಯನ್ನು ಹುಡುಕಿ ತಂದವಳು ನನ್ನ ಅಣ್ಣನ ಮಗಳು. ಚಿತ್ರದುರ್ಗದಲ್ಲಿ ಯಾರೋ ಸೇರಿಕೊಂಡು ರೇಡಿಯೋ ನಾಟಕ ಮಾಡುತ್ತಾರಂತೆ. ಇದುವರೆಗೆ ಮೈಕಿನ ಮುಂದೆ ನಿಲ್ಲುವ ಯೋಗ ಬಾರದವರನ್ನೇ ಆರಿಸುತ್ತಾರಂತೆ. ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಗೊಲ್ಲರ ಹಟ್ಟಿಯವರು, ಲಂಬಾಣಿ ತಾಂಡಾದವರು ಎಲ್ಲರೂ ಬರಬಹುದಂತೆ. ‘ಲಂಡನ್ನಿನ ಬಿಬಿಸಿಯವರೂ ನಾಟಕ ಶಾಲೆಯ ಮೆಟ್ಟಿಲು ಹತ್ತದ ನಟರಿಗಾಗಿ ನಾರ್ಮನ್ ಬೀಟನ್ ಎಂಬ ನಟನ ಹೆಸರಿನಲ್ಲಿ ಫೆಲೋಶಿಪ್ ಇಟ್ಟಿದ್ದಾರೆ ಅತ್ತೆ’ ಎಂದಳು. ನಾಟಕ ಶಾಲೆ ಹಾಗಿರಲಿ, ಯಾವ ಮೆಟ್ಟಿಲು ಕಂಡರೂ ನಾನು ಎರಡು ಸಲ ಯೋಚಿಸುವವಳು.

ಎರಡನೆಯ ವರ್ಷದಲ್ಲಿ ನನ್ನ ಬಲಗಾಲಿಗೆ ಪೋಲಿಯೋ ಬಂತು. ಪ್ರಮಾಣಪತ್ರದಲ್ಲಿ ಶೇ. 60 ಎಂದಿದೆ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಸೌಲಭ್ಯಗಳಿಗೆ ಶೇ. 40 ಇದ್ದರೆ ಸಾಕು. ಶಾಲೆ, ಕಾಲೇಜಿನಲ್ಲಿ ಎಂದೂ ಸಿಗದ ಪ್ರಥಮ ದರ್ಜೆಯನ್ನು ಸರ್ಕಾರ ನನಗೆ ಕೊಟ್ಟದ್ದು ಈ ಒಂದು ಕಾಗದದಲ್ಲಿ ಮಾತ್ರ. 2014ರಲ್ಲಿ ಭಾರತ ಪೋಲಿಯೋಮುಕ್ತವಾಯಿತು ಎಂದಾಗ ಕಣ್ಣು ತುಂಬಿ ಬಂದದ್ದು ನಿಜ. ಆಮೇಲೆ ಹೊಳೆಯಿತು: ನಮ್ಮ ಬಳಗಕ್ಕೆ ಇನ್ನು ಹೊಸಬರು ಸೇರುವುದಿಲ್ಲ, ನಾವೆಲ್ಲ ಕಡೆಯ ಪಂಕ್ತಿಯವರು. ಕಡೆಯ ಪಂಕ್ತಿಗೆ ಬಡಿಸುವವರು ಹೇಗಿರುತ್ತಾರೆಂದು ಗೊತ್ತಲ್ಲ? ಕಾಲಿಗೆ ಆಸರೆಯಾಗಿ ಕಟ್ಟುವ ಉಕ್ಕಿನ ಕ್ಯಾಲಿಪರಿನ ರಿಪೇರಿಗೆ ಹೋದರೆ ಅಂಗಡಿಯ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ಯಾವ ಗಾಡಿಯದು ಮೇಡಂ?’ ಎನ್ನುತ್ತಾನೆ.

ದಾವಣಗೆರೆ ಚಿಂದೋಡಿ ಲೀಲಾ ಅವರ ಊರು. ಇಲ್ಲಿ ಬೆಣ್ಣೆದೋಸೆಯ ಹೊಗೆ ಕುಡಿದು ಬೆಳೆದವರಿಗೆ ನಾಟಕದ ಹುಚ್ಚು ಹಿಡಿಯದಿದ್ದರೆ ಆಶ್ಚರ್ಯ. ನನಗೂ ಹಿಡಿಯಿತು. ಆದರೆ ನಮ್ಮ ಹವ್ಯಾಸಿ ತಂಡದ ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಒಂದೇ ಮಾತು ಹೇಳಿದರು: ‘ರಾಣಿ ಕುಂಟಿದರೆ ಜನ ನಗುತ್ತಾರೆ.’ ಮೂವತ್ತು ವರ್ಷದಲ್ಲಿ ನನ್ನನ್ನು ತಾನಾಗಿಯೇ ಹುಡುಕಿಕೊಂಡು ಬಂದ ಪಾತ್ರ ಮಂಥರೆ ಒಂದೇ. ಅದೂ ನಾಲ್ಕು ಸಲ. ಐದನೆಯ ಸಲ ನಾನೇ ಒಲ್ಲೆ ಎಂದು ಪ್ರಾಂಪ್ಟರ್ ಆದೆ.

ಪರದೆಯ ಮರೆಯಲ್ಲಿ ಟಾರ್ಚು, ನೋಟ್‌ಬುಕ್ಕು ಹಿಡಿದು ಕೂರುವುದು. ರಾಜ ತಡವರಿಸಿದರೆ ರಾಜನ ಮಾತು, ರಾಣಿ ತಡವರಿಸಿದರೆ ರಾಣಿಯ ಮಾತು. ಪ್ರೇಕ್ಷಕರಿಗೆ ಕೇಳಬಾರದು, ನಟರಿಗೆ ಕೇಳಬೇಕು. ಒಮ್ಮೆ ಒಬ್ಬ ಹರಿಶ್ಚಂದ್ರ ಮೊದಲನೆಯ ಅಂಕದಿಂದ ಮಸಣದವರೆಗೂ ನನ್ನ ಪಿಸುಮಾತಿನ ಮೇಲೆಯೇ ಸತ್ಯ ನುಡಿದು ಬೆಳ್ಳಿಯ ಲೋಟ ಗೆದ್ದ. ಈ ಕಸುಬಿನಿಂದ ನನಗೊಂದು ರೋಗ ಅಂಟಿತು. ಎದುರಿನವರು ಅರೆಕ್ಷಣ ನಿಲ್ಲಿಸಿದರೆ ಅವರ ಮಾತನ್ನು ನಾನೇ ಪಿಸುಗುಟ್ಟಿಬಿಡುತ್ತೇನೆ. ಮದುವೆಯ ಮನೆಯಲ್ಲಿ ಪುರೋಹಿತರು ಉಸಿರು ತೆಗೆದುಕೊಳ್ಳಲು ನಿಂತಾಗ ‘ಮಾಂಗಲ್ಯಂ ತಂತುನಾನೇನ’ ಎಂದು ಎತ್ತಿಕೊಟ್ಟದ್ದೂ ಉಂಟು.

ರೇಡಿಯೋ ಎಂದಾಗ ಮನಸ್ಸು ಅರಳಿದ್ದು ಇದಕ್ಕೇ. ಅಲ್ಲಿ ಕಾಲು ಯಾರಿಗೂ ಕಾಣುವುದಿಲ್ಲ. ಮಲಗುವ ಕೋಣೆಯಲ್ಲಿ ಟ್ರಾನ್ಸಿಸ್ಟರನ್ನು ದಿಂಬಿನ ಕೆಳಗಿಟ್ಟುಕೊಂಡು ಭದ್ರಾವತಿ ಕೇಂದ್ರದ ನಾಟಕ ಕೇಳುತ್ತಿದ್ದ ಹುಡುಗಿ ನಾನು. ಆ ರಾಣಿಯರಲ್ಲಿ ಎಷ್ಟು ಜನ ಕುಂಟಿಯರಿದ್ದರೋ, ಯಾರಿಗೆ ಗೊತ್ತು?

ಮೊದಲ ಸುತ್ತಿಗೆ ಎರಡು ನಿಮಿಷದ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿ ಕಳಿಸಬೇಕಿತ್ತು. ಮನೆಯಲ್ಲಿ ಎರಡು ನಿಮಿಷ ನಿಶ್ಶಬ್ದ ಎಲ್ಲಿಂದ ತರುವುದು? ಕುಕ್ಕರ್ ಕೂಗುತ್ತದೆ, ಮಿಕ್ಸಿ ಕಿರುಚುತ್ತದೆ, ನಮ್ಮವರು ಸೀನುತ್ತಾರೆ (ಅವರ ಸೀನು ಒಂಟಿಯಾಗಿ ಬರುವುದಿಲ್ಲ, ಕಡಿಮೆಯೆಂದರೆ ಐದು). ಕೊನೆಗೆ ಬೆಳಿಗ್ಗೆ ಆರೂವರೆಗೆ ಎರಡು ಕಂಬಳಿ ಹೊದ್ದು ಒಳಗೆ ಕೂತೆ. ಮಗನ ದಾರಿ ಕಾಯುವ ತಾಯಿಯ ಮಾತು. ‘ಕಂದಾ, ಈ ತಾಯಿಗೆ ಇನ್ನೇನು ಬೇಕು ಹೇಳು?’ ಎಂದು ಬಿಕ್ಕಿದೆ. ಬೀದಿಯಿಂದ ಉತ್ತರ ಬಂತು: ‘ಪುಂಡೀ... ಮೆಂತೇ... ಹಕ್ಕರಿಕೇ...’

ಕಂಬಳಿಯೊಳಗೆ ಅದು ನನಗೆ ಕೇಳಿಸಲಿಲ್ಲ. ಮೊಬೈಲಿಗೆ ಕೇಳಿಸಿತು. ನಾಲ್ಕು ದಿನದ ಮೇಲೆ ಆಯ್ಕೆಯ ಸಂದೇಶ ಬಂತು. ಕೆಳಗೆ ಒಂದು ಸಾಲು ಬೇರೆ ಇತ್ತು: ‘ಹಿನ್ನೆಲೆಯಲ್ಲಿ ಸೊಪ್ಪು ಮಾರುವವರ ದನಿ ಬಹಳ ಚೆನ್ನಾಗಿದೆ. ಅವರೂ ಅರ್ಜಿ ಹಾಕಬಹುದು.’ ಸೊಪ್ಪಿನವಳಿಗೆ ವಿಷಯ ತಿಳಿಸಿದೆ. ‘ದಿನಕ್ಕೆ ಎಷ್ಟು ಕೊಡುತ್ತಾರಂತೆ?’ ಎಂದು ಕೇಳಿದಳು. ನಾವು ಕಲಾವಿದರು ಯಾರೂ ಕೇಳಲು ಧೈರ್ಯ ಮಾಡದ ಪ್ರಶ್ನೆ ಅದು.

ಪರೀಕ್ಷೆ ಇದ್ದದ್ದು ಡಿಸೆಂಬರಿನ ಒಂದು ಭಾನುವಾರ. ಪ್ರತಿ ಭಾನುವಾರ ನನ್ನ ಕ್ಯಾಲಿಪರಿನ ಮಂಡಿಯ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ನಮ್ಮವರ ಕೆಲಸ. ಅವರು ಹಿಂದಿನ ದಿನವೇ ಹರಿಹರಕ್ಕೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು, ಎಣ್ಣೆಯ ಡಬ್ಬಿಯನ್ನು ಎಲ್ಲಿಟ್ಟಿದ್ದರೋ ದೇವರೇ ಬಲ್ಲ. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ತೆಂಗಿನೆಣ್ಣೆಯನ್ನೇ ಬಿಸಿ ಮಾಡಿ ಧಾರಾಳವಾಗಿ ಸುರಿದೆ. ಡಿಸೆಂಬರಿನಲ್ಲಿ ಸ್ನಾನಕ್ಕೆ ಮೊದಲು ತೆಂಗಿನೆಣ್ಣೆಯ ಬಾಟಲಿಯನ್ನು ಬಿಸಿಲಿಗಿಡುವ ನಾನು ಆ ದಿನ ಇಷ್ಟು ಯೋಚಿಸಲಿಲ್ಲ. ಗಂಟಲಿಗೆಂದು ಅತ್ತೆಯವರು ಸೆರಗಿನ ತುದಿಗೆ ಕಲ್ಲುಸಕ್ಕರೆ, ಕಾಳುಮೆಣಸು ಕಟ್ಟಿಕೊಟ್ಟರು.

ಚಿತ್ರದುರ್ಗ ಅರವತ್ತು ಕಿಲೋಮೀಟರ್ ಆಸುಪಾಸು. ಇಳಿದಾಗ ಕೋಟೆಯ ಬಂಡೆಗಳ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಏಳು ಸುತ್ತಿನ ಕೋಟೆಯ ಊರಿನಲ್ಲಿ ಸ್ಟುಡಿಯೋ ನೆಲಮಹಡಿಯಲ್ಲಿ ಇರಬಹುದೆಂದು ನಾನು ಎಣಿಸಿದ್ದು ತಪ್ಪು. 22 ಮೆಟ್ಟಿಲು. ಕೆಳಗೆ ಇಬ್ಬರು ಸ್ವಯಂಸೇವಕ ಹುಡುಗರು ಪ್ಲಾಸ್ಟಿಕ್ ಕುರ್ಚಿ ಹಿಡಿದು ಸಿದ್ಧರಾಗಿದ್ದರು. ‘ಕೂತುಕೊಳ್ಳಿ ಮೇಡಂ, ಎತ್ತಿಕೊಂಡು ಹೋಗುತ್ತೇವೆ.’ ಬೇಡವೆಂದು ಕಂಬಿ ಹಿಡಿದು ಹತ್ತತೊಡಗಿದೆ. ಅವರು ಬಿಡಲಿಲ್ಲ. ಎಲ್ಲಿ ಬೀಳುತ್ತೇನೋ ಎಂದು ಖಾಲಿ ಕುರ್ಚಿಯನ್ನು ಎತ್ತಿ ಹಿಡಿದು ಹಿಂದೆಯೇ ಬಂದರು. ದೇವರು ಇಳಿದು ನಡೆಯುತ್ತಿದೆ, ಪಲ್ಲಕ್ಕಿ ಬೆನ್ನಟ್ಟುತ್ತಿದೆ.

ಮೇಲೆ ಕಾಯುವವರ ಸಾಲು. ಮೊಳಕಾಲ್ಮೂರಿನ ಕಡೆಯ ಬಯಲಾಟದ ಯಜಮಾನರೊಬ್ಬರು ದುರ್ಯೋಧನನಿಗೇ ಹುಟ್ಟಿದವರಂತೆ ಮೀಸೆ ತಿರುವುತ್ತಿದ್ದರು. ಪಕ್ಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಒಬ್ಬಾಕೆ. ‘ದನಿ ಕೇಳಿಸದವರು ಎಂದು ನಮ್ಮನ್ನು ಕರೆಸಿದ್ದಾರೆ ಅಕ್ಕಾ. ನನ್ನ ಚಪ್ಪಾಳೆ ಕೇಳಿಸದ ಕಿವಿ ಈ ಜಿಲ್ಲೆಯಲ್ಲಿ ಯಾವುದಿದೆ?’ ಎಂದು ನಕ್ಕರು. ಆಮೇಲೆ ಒಳಗೆ ಹೋಗಿ ಅವರು ಓದಿದ ಅಜ್ಜಿಯ ಕಥೆಗೆ ಹೊರಗಿದ್ದ ನಾವೆಲ್ಲ ಕಣ್ಣೊರೆಸಿಕೊಂಡೆವು.

ದುರ್ಯೋಧನರ ಸರದಿ ಬೇಗ ಮುಗಿಯಿತು. ನಿರ್ದೇಶನ ಮಾಡುವ ಹುಡುಗಿ, ‘ಯಜಮಾನರೇ, ಕೇಳುವವರ ಕಿವಿ ಒಂದು ಗೇಣು ದೂರದಲ್ಲಿದೆ ಎಂದುಕೊಳ್ಳಿ’ ಎಂದಳು. ಅವರ ಕಿವಿ ಯಾವಾಗಲೂ ಬಯಲಿನ ಆಚೆ ತುದಿಯಲ್ಲೇ ಇದ್ದದ್ದು. ‘ಎಲವೋ!’ ಎಂದರು. ಹೆಡ್‌ಫೋನ್ ಹಾಕಿಕೊಂಡಿದ್ದ ಧ್ವನಿಮುದ್ರಕ ಕುರ್ಚಿಯಿಂದ ಎದ್ದುಬಿಟ್ಟ.

ನನಗೆ ಜೊತೆಯಾದದ್ದು ಕಣ್ಣು ಕಾಣದ ಒಬ್ಬ ಕಾಲೇಜು ಹುಡುಗ. ಅವನು ಮಗ, ನಾನು ತಾಯಿ. ಹಿಂದಿನ ಸಂಜೆ ಕಳಿಸಿದ್ದ ಪಾಠವನ್ನು ಅವನು ರಾತ್ರಿ ಕೂತು ಬ್ರೈಲ್ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕಿ ಚುಚ್ಚಿ ಬರೆದು ತಂದಿದ್ದ, ನನ್ನ ಮಾತುಗಳನ್ನೂ ಸೇರಿಸಿ. ನನ್ನ ಕೈಯಲ್ಲಿ ಪಿನ್ ಹೊಡೆದ ನಾಲ್ಕು ಹಾಳೆ. ಮೊದಲು ಪಿನ್ ತೆಗೆಸಿದರು, ಹಾಳೆ ಮಗುಚುವ ಸದ್ದು ಬರುತ್ತದೆಯಂತೆ. ಆಮೇಲೆ ಬಳೆ ತೆಗೆಸಿದರು. ಗಂಜಿ ಹಾಕಿದ ನನ್ನ ಹತ್ತಿ ಸೀರೆ ಒಣಗಿದ ಎಲೆಯ ಮೇಲೆ ಹಸು ನಡೆದಂತೆ ಕೇಳುತ್ತದೆ ಎಂದರು. ಅದನ್ನು ತೆಗೆಯುವಂತಿರಲಿಲ್ಲ, ಅಲುಗಾಡಬೇಡಿ ಎಂದು ಬಿಟ್ಟರು. ಬಾಯಲ್ಲಿದ್ದ ಕಲ್ಲುಸಕ್ಕರೆ ಹಲ್ಲಿಗೆ ತಾಗಿ ‘ಕಟಕ್’ ಎಂದಾಗ ಅದನ್ನೂ ಉಗುಳಿಸಿದರು.

ದೃಶ್ಯ ಹೀಗೆ: ಮಗ ಬಾಗಿಲು ತಟ್ಟುತ್ತಾನೆ, ತಾಯಿ ಒಳಗಿನಿಂದ ನಡೆದು ಬರುತ್ತಾಳೆ. ರೇಡಿಯೋದಲ್ಲಿ ದೂರದಿಂದ ಬರಬೇಕೆಂದರೆ ನಿಜವಾಗಿಯೂ ಮೈಕಿನಿಂದ ದೂರ ನಿಂತು, ಮಾತನಾಡುತ್ತ ಹತ್ತಿರ ಬರಬೇಕು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕುರ್ಚಿಯಲ್ಲಿ ಕೂತೆ. ಕೆಂಪು ದೀಪ ಹತ್ತಿತು. ಎದ್ದು ನಿಂತೆ. ನಿಂತಾಗ ಮಂಡಿಯ ಹತ್ತಿರದ ಉಕ್ಕಿನ ಕೊಂಡಿ ಇಳಿದು ಬಿಗಿಯುತ್ತದೆ: ಟಕ್. ಹೆಜ್ಜೆ ಇಟ್ಟಾಗ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ನಡುವೆ ಕೀಲು ನರಳಿತು: ಕಿರ್ರ್. ಕಾಲು ಊರಿದಾಗ ಮತ್ತೆ ಟಕ್.

‘ನಿಲ್ಲಿಸಿ’ ಎಂದಿತು ಗಾಜಿನ ಆಚೆಯ ದನಿ. ‘ಬಾಗಿಲಿನ ಸದ್ದು ಯಾರು ಹಾಕಿದ್ದು? ನಾನಿನ್ನೂ ಹಾಕಿಲ್ಲ.’

ಕಾಲು ಯಾರಿಗೂ ತಿಳಿಯದ ಜಾಗವೆಂದು ಬಸ್ ಚಾರ್ಜು ಕೊಟ್ಟು ಬಂದಿದ್ದೆ. ನಾಟಕದ ಮಂದಿರದಲ್ಲಿ ಹಿಂದಿನ ಸಾಲಿನವರಿಗಾದರೂ ಕಾಣುತ್ತಿರಲಿಲ್ಲ, ಇಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಸಿದ್ದೇ ಅದು. ಸೀರೆಯ ನಿರಿಗೆ ಸ್ವಲ್ಪ ಎತ್ತಿ ತೋರಿಸಿದೆ. ಧ್ವನಿಮುದ್ರಕ ಹೆಡ್‌ಫೋನ್ ತೆಗೆದು, ಒಳಗೆ ಬಂದು, ಕೆಳಗೆ ಕೂತು ‘ಇನ್ನೊಂದು ಸಲ ನಡೆಯಿರಿ ಮೇಡಂ’ ಎಂದ. ನಡೆದೆ. ‘ಇನ್ನೊಂದು ಸಲ.’ ಅಂಗಡಿಯಲ್ಲಿ ಹೊಸ ಮೆಟ್ಟು ಕೊಳ್ಳುವವಳಂತೆ ಆರು ಸಲ ನಡೆದೆ. ಏನೂ ಹೇಳದೆ ಹೊರಗೆ ಹೋದ.

ಎರಡನೆಯ ಸಲ ನಿಂತೇ ಶುರು ಮಾಡಿದೆವು. ಹುಡುಗ ‘ಅಮ್ಮಾ, ನಾನು...’ ಎಂದು ಅಳು ನುಂಗುವವನಂತೆ ನಿಲ್ಲಿಸಿದ. ನನ್ನ ರೋಗ ಕೆಲಸ ಮಾಡಿತು. ‘ನಾನು ಸೋತು ಬಂದಿದ್ದೇನೆ’ ಎಂದು ಪಿಸುಗುಟ್ಟಿದೆ. ಒಂದು ಗೇಣು ದೂರದ ಮೈಕಿಗೆ ಪಿಸುಮಾತು ಅತಿ ಇಷ್ಟ. ಗಾಜಿನ ಆಚೆ ನಿರ್ದೇಶಕಿ ಹಣೆಗೆ ಕೈ ಹಚ್ಚಿದಳು. ಹುಡುಗ ಮೆಲ್ಲಗೆ, ‘ಅಮ್ಮಾ, ಅದು ಬೇಕೆಂದೇ ನಿಲ್ಲಿಸಿದ್ದು’ ಎಂದ.

ಮೂರನೆಯ ಸಲ ತುಟಿ ಕಚ್ಚಿ ನಿಂತೆ. ನಡುವೆ ಕರೆಂಟ್ ಹೋಯಿತು. ಯುಪಿಎಸ್ ಇದ್ದದ್ದು ಯಂತ್ರಗಳಿಗೆ ಮಾತ್ರ, ದೀಪಕ್ಕಲ್ಲ. ಕಿಟಕಿಯಿಲ್ಲದ ಕೋಣೆ, ಕಣ್ಣಿಗೆ ಕಣ್ಣು ಕಾಣದ ಕತ್ತಲು. ನನ್ನ ಹಾಳೆ ಇದ್ದೂ ಇಲ್ಲ. ಹುಡುಗ ಮಾತ್ರ ಏನೂ ಆಗದವನಂತೆ ತನ್ನ ಮಾತು ಮುಗಿಸಿದ. ಅವನಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಈಗ ನಾನು ಮಾತನಾಡಬೇಕು. ಮೂವತ್ತು ವರ್ಷ ಊರಿನ ರಾಜ ರಾಣಿಯರಿಗೆಲ್ಲ ಮಾತು ಎತ್ತಿಕೊಟ್ಟವಳ ಬಾಯಿ ಒಣಗಿತು. ದಪ್ಪ ಕಾಗದದ ಮೇಲೆ ಬೆರಳು ಸರಿಯುವ ಸದ್ದು ಪಕ್ಕದಲ್ಲಿ ಕೇಳಿಸಿತು. ಆಮೇಲೆ ಕಿವಿಯ ಹತ್ತಿರ, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ: ‘ಬಂದೆಯಲ್ಲ, ಅಷ್ಟು ಸಾಕು.’

‘ಬಂದೆಯಲ್ಲ, ಅಷ್ಟು ಸಾಕು’ ಎಂದೆ. ಪ್ರಾಂಪ್ಟ್ ಮಾಡಿಸಿಕೊಳ್ಳುವುದು ಇಷ್ಟು ಸುಖವೆಂದು ಯಾವ ಹರಿಶ್ಚಂದ್ರನೂ ನನಗೆ ಹೇಳಿರಲಿಲ್ಲ. ಬೆಳ್ಳಿಯ ಲೋಟ ಅವನೇ ಇಟ್ಟುಕೊಂಡ ಕಾರಣ ಈಗ ತಿಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಫೋನ್ ಬಂತು. ಆ ಹುಡುಗನಿಗೆ ಮುಖ್ಯ ಪಾತ್ರವಂತೆ. ನನಗೆ ಅವನ ತಾಯಿಯ ಪಾತ್ರ, ಮೂರು ಕಂತು. ನಾನು ಧನ್ಯವಾದ ಹೇಳುವಷ್ಟರಲ್ಲಿ ಧ್ವನಿಮುದ್ರಕ ಫೋನ್ ಕಸಿದುಕೊಂಡ. ‘ಮೇಡಂ, ಆ ತಾಯಿಗೆ ಅದೇ ನಡಿಗೆ ಇಟ್ಟಿದ್ದೇವೆ. ಮಗ ಆ ಸದ್ದಿನಿಂದಲೇ ಅಮ್ಮನನ್ನು ಗುರುತಿಸುತ್ತಾನೆ. ಎರಡು ದಿನ ಏನೇನೋ ಉಜ್ಜಿ ನೋಡಿದೆ, ಆ ಕಿರ್ರ್ ಬರಲಿಲ್ಲ. ದಯವಿಟ್ಟು ರೆಕಾರ್ಡಿಂಗ್ ಆಗುವವರೆಗೆ ಎಣ್ಣೆ ಹಾಕಬೇಡಿ.’

ಸರಿ ಎಂದು ತಿರುಗಿದೆ. ಹೊಸ್ತಿಲಿನಲ್ಲಿ ನಮ್ಮವರು ಮಡಿಲ ಮೇಲೆ ಕ್ಯಾಲಿಪರ್ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ, ಕೈಯಲ್ಲಿ ಹಳೆಯ ಬನಿಯನ್ನಿನ ಚೂರು. ‘ತೆಂಗಿನೆಣ್ಣೆ ಸುರಿದು ಎಷ್ಟು ಕೊಳೆ ಮಾಡಿದ್ದೆ ಮಾರಾಯ್ತಿ’ ಎಂದು ಕೀಲನ್ನು ಮಡಿಸಿದರು, ಬಿಡಿಸಿದರು. ಬೆಣ್ಣೆಯ ಹಾಗೆ ಓಡಾಡಿತು.