ಓದಿನ ನಡುವೆ ಚಾಟ್: ಎಲ್ಲಿ ಬೇಕು, ಎಲ್ಲಿ ಬೇಡ

ಊರಿನ ತರಗತಿಗಳಲ್ಲಿ ಪಾಠ ಓದಿಸುವ ಕ್ರಮ ನಮಗೆಲ್ಲ ಗೊತ್ತು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಮೇಷ್ಟ್ರು ‘ಅರ್ಥವಾಯಿತಾ?’ ಅನ್ನುತ್ತಾರೆ, ‘ಆಯ್ತು ಸಾರ್’ ಎಂದು ಇಡೀ ತರಗತಿ ಕೂಗುತ್ತದೆ. ಅರ್ಥವಾಗದವರ ದನಿಯೂ ಅದರಲ್ಲೇ ಸೇರಿಹೋಗುತ್ತದೆ. ಹೊರನಾಡಿನಲ್ಲಿ ನಾನು ಕಾಣುವ ಇನ್ನೊಂದು ಕ್ರಮದಲ್ಲಿ ಪುಸ್ತಕದ ಜೊತೆಗೇ ಚಾಟ್ ಕಿಟಕಿ ತೆರೆದಿರುತ್ತದೆ. ಬಾಯಿಬಿಡದ ಮಗುವೂ ಅಲ್ಲಿ ಬರೆಯುತ್ತದೆ. ಗದ್ಯಪಾಠಕ್ಕೆ ನನ್ನ ಮತ ಚಾಟ್‌ಗೇ. ಆದರೆ ಓದು ನಡೆಯುತ್ತಿರುವಾಗ ಯಾರೂ ಟೈಪ್ ಮಾಡಬಾರದು.

ಪಾಠದ ಸಾಲು, ಚಾಟ್‌ನ ಸಾಲು ಎರಡೂ ಮಾತೇ. ಎರಡನ್ನೂ ಒಟ್ಟಿಗೆ ಹಿಂಬಾಲಿಸಲು ಹೋದರೆ ಒಂದು ಕೈತಪ್ಪುತ್ತದೆ, ಸಾಮಾನ್ಯವಾಗಿ ಪಾಠವೇ. ಆದ್ದರಿಂದ 40 ನಿಮಿಷದ ಅವಧಿಗೆ ಮೂರು ನಿಲುಗಡೆ ಸಾಕು. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಪ್ರಶ್ನೆಯನ್ನು ಓದುವ ಮೊದಲೇ ಹೇಳಿ, ಬರೆಯಲು ಎರಡು ಮೂರು ನಿಮಿಷ ಕೊಡಿ, ಆಮೇಲೆ ಸಾಧನಗಳನ್ನು ಮುಚ್ಚಿಸಿ.

‘ಪಾಠ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ಗಳ ಸಾಲೇ ಬರುತ್ತದೆ. ‘ಅವನು ಸುಳ್ಳು ಹೇಳುತ್ತಿದ್ದಾನೆಂದು ಯಾವ ಸಾಲಿನಿಂದ ಗೊತ್ತಾಯಿತು?’ ಎಂದು ಕೇಳಿ. ಉತ್ತರ ಹುಡುಕಲು ಪುಟಕ್ಕೆ ಮರಳಲೇಬೇಕು.

ಇನ್ನೊಂದು ತೊಂದರೆ ನಕಲು. ಚುರುಕಾಗಿ ಟೈಪ್ ಮಾಡುವವರ ಉತ್ತರ ಕಂಡ ಕೂಡಲೇ ಉಳಿದವರು ಅದನ್ನೇ ತಿರುಗಿಸಿ ಬರೆಯುತ್ತಾರೆ. ಇದಕ್ಕೆ ಸುಲಭದ ಉಪಾಯವಿದೆ: ಎಲ್ಲರೂ ಬರೆದಿಟ್ಟುಕೊಳ್ಳಲಿ, ಕಳುಹಿಸುವ ಗುಂಡಿ ಒತ್ತದಿರಲಿ, ‘ಈಗ’ ಎಂದಾಗ ಒಟ್ಟಿಗೆ ಒತ್ತಲಿ. ನಿಧಾನವಾಗಿ ಬರೆಯುವವರಿಗೂ ಆಗ ತಮ್ಮದೇ ಉತ್ತರ ಇರುತ್ತದೆ. ಬಂದ ಉತ್ತರಗಳಲ್ಲಿ ಒಂದಕ್ಕೊಂದು ಒಪ್ಪದ ಎರಡನ್ನು ಆರಿಸಿ ಓದಿ, ಬರೆದವರನ್ನೇ ಬಾಯಿಮಾತಿನಲ್ಲಿ ಮುಂದುವರಿಸಲು ಹೇಳಿ. ಇದನ್ನು ಬಿಟ್ಟರೆ ಚಾಟ್ ಬರೀ ಹಾಜರಿ ಪುಸ್ತಕವಾಗುತ್ತದೆ.

ಯಾವ ತಾಣ ಬಳಸುತ್ತೀರಿ ಎಂಬುದು ಅಷ್ಟು ದೊಡ್ಡ ಮಾತಲ್ಲ. ಶಿಕ್ಷಕರ ನೆಚ್ಚಿನ ಚಾಟ್ ತಾಣವಾಗಿದ್ದ ಟುಡೇಸ್‌ಮೀಟ್ 2018ರಲ್ಲಿ ಮುಚ್ಚಿಹೋಯಿತು. ಆದ್ದರಿಂದ ಮುಖ್ಯವಾದ ಉತ್ತರಗಳನ್ನು ಬೇರೆಡೆ ಉಳಿಸಿಕೊಳ್ಳುವುದು ಒಳ್ಳೆಯದು. ಎಲ್ಲರೂ ಚೀಟಿ ಅಂಟಿಸಿದಂತೆ ಬರೆಯಬಹುದಾದ ಆನ್‌ಲೈನ್ ಫಲಕ ಪ್ಯಾಡ್ಲೆಟ್‌ನಲ್ಲಿ ಶಿಕ್ಷಕರು ಒಪ್ಪಿದ ಮೇಲಷ್ಟೇ ಬರಹ ಕಾಣುವಂತೆ ಮಾಡಬಹುದು. ಮೊದಮೊದಲು ಹಾಗೇ ಇಡಿ. ಹೆಸರಿಲ್ಲದೆ ಬರೆಯಲು ಬಿಟ್ಟರೆ ಸಂಕೋಚ ಕಳೆಯುತ್ತದೆ ನಿಜ, ಕೀಟಲೆಯೂ ಹೆಚ್ಚುತ್ತದೆ. ಉಳಿದವರಿಗೆ ಅಡ್ಡಹೆಸರು ಕಂಡು, ಅದು ಯಾರದೆಂದು ಶಿಕ್ಷಕರಿಗೆ ಮಾತ್ರ ಗೊತ್ತಿದ್ದರೆ ಎರಡೂ ಹಿಡಿತದಲ್ಲಿರುತ್ತವೆ. ವಾಟ್ಸಾಪ್ ಗುಂಪು ಮಾತ್ರ ಬೇಡ, ಮಕ್ಕಳ ಫೋನ್ ನಂಬರ್ ಎಲ್ಲರ ಕೈಗೂ ಸಿಗುತ್ತದೆ.

ಕನ್ನಡ ಪಾಠವಾದರೆ ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕೀಲಿಮಣೆ ಮೊದಲೇ ಸಿದ್ಧವಿರಲಿ. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ್ದನ್ನು ಅಂಟಿಸಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಲಿಪಿ ಇನ್ನೂ ಕಲಿಯುತ್ತಿರುವವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಲಿ. ಆ ಹೊತ್ತಿಗೆ ನಮಗೆ ಬೇಕಾದ್ದು ಅವರ ಯೋಚನೆ, ಕಾಗುಣಿತವಲ್ಲ.

ಪದ್ಯದ ವಿಷಯದಲ್ಲಿ ಊರಿನ ಕ್ರಮವೇ ಸರಿ. ಲಯ ಕಿವಿಗೆ ಬೀಳುವ ಮೊದಲೇ ಅಭಿಪ್ರಾಯ ಕೇಳಿದರೆ ಮಕ್ಕಳು ಅರ್ಥವನ್ನಷ್ಟೇ ಹೆಕ್ಕುತ್ತಾರೆ. ಎರಡು ಸಲ ಪೂರ್ತಿ ಗಟ್ಟಿಯಾಗಿ ಓದಿ, ಆಮೇಲೆ ಚಾಟ್ ತೆರೆದು, ಕಿವಿಯಲ್ಲಿ ಉಳಿದ ಒಂದೇ ಒಂದು ಸಾಲನ್ನು ಪುಸ್ತಕ ನೋಡದೆ ಬರೆಯಲು ಹೇಳಿ.