ತೂಕ ಇಳಿಯುವುದು ನಿಂತ ಮೇಲೆ ಯಾರ ಜೊತೆ ನಡೆಯೋದು?

ತೂಕ ಇಳಿಸೋಕೆ ಜಠರವನ್ನು ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲ ವರ್ಷ ಹುರುಪು ತುಂಬಲು ಯಾರೂ ಬೇಕಾಗಿಲ್ಲ. ತೂಕದ ಯಂತ್ರವೇ ಆ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ ಹತ್ತಿ ನಿಂತರೆ ಅಂಕಿ ಇಳಿದಿರುತ್ತದೆ, ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ಮಹಡಿ ಹತ್ತಿದರೆ ಏದುಸಿರು ಬರುವುದಿಲ್ಲ. ಕಷ್ಟ ಶುರುವಾಗೋದು ಆಮೇಲೆ. ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇಳಿಯುವುದು ನಿಲ್ಲುತ್ತದೆ. ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ. ಎರಡು ವರ್ಷ ದಾಟಿದ ಮೇಲೆ ಒಂದಿಷ್ಟು ಕೆಜಿ ಮತ್ತೆ ಏರುವುದೂ ತುಂಬ ಜನಕ್ಕೆ ಆಗುತ್ತದೆ. ಯಂತ್ರ ಸುಮ್ಮನಾದ ಮೇಲೆ ಬೆಳಗ್ಗೆ ಎದ್ದು ಶೂ ಹಾಕಿಕೊಳ್ಳೋಕೆ ಕಾರಣ ಏನು?

ಮನಸ್ಸು ಗಟ್ಟಿ ಮಾಡಿಕೋ ಅನ್ನೋ ಉಪದೇಶದಿಂದ ಆ ಎರಡನೇ ವರ್ಷ ದಾಟೋಕೆ ಆಗೋದಿಲ್ಲ ಅನ್ನೋದು ನನ್ನ ಗಟ್ಟಿ ಅನಿಸಿಕೆ. ಜೊತೆಗೆ ಜನ ಬೇಕು. ಆ ಜನ ನಮ್ಮ ಮೈ ಬಗ್ಗೆ ಮಾತಾಡಬಾರದು. ನಾನು ಮೈಸೂರಿನವನು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇದ್ದೇನೆ. ನನಗೆ ಆಪರೇಷನ್ ಆಗಿದ್ದು ಇಲ್ಲಿ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ. ನನ್ನ ಚಿಕ್ಕಪ್ಪನ ಮಗನಿಗೆ ಹೆಚ್ಚು ಕಡಿಮೆ ಅದೇ ಸಮಯಕ್ಕೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡೇ ಇದನ್ನೆಲ್ಲ ದಾಟಿದೆವು. ಹಾಗಾಗಿ ಎರಡೂ ಕಡೆಯ ರೀತಿ ನನಗೆ ಹತ್ತಿರದಿಂದ ಗೊತ್ತು.

ಇಲ್ಲಿ ಆಪರೇಷನ್ ಸಿಗೋದೇ ನಿಧಾನ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ, 40 ದಾಟಿರಬೇಕು, ಇಲ್ಲ 35 ದಾಟಿ ಷುಗರ್‌ನಂಥ ಕಾಯಿಲೆ ಇರಬೇಕು. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಆ ಗಡಿಯನ್ನು 2.5 ಇಳಿಸಿ ನೋಡುತ್ತಾರೆ, ಯಾಕಂದ್ರೆ ನಮಗೆ ಕಮ್ಮಿ ತೂಕಕ್ಕೇ ಷುಗರ್ ಬರುತ್ತದೆ. ಅದಾದ ಮೇಲೆ ಡಯಟೀಷಿಯನ್, ಮನಸ್ಸಿನ ಡಾಕ್ಟರು, ತೂಕದ ಕ್ಲಿನಿಕ್, ಸರದಿ. ಕಾದು ಬೇಸತ್ತು ಟರ್ಕಿಗೆ ಹೋಗಿ ಮಾಡಿಸಿಕೊಂಡು ಬರುವವರು ಇಲ್ಲಿ ಬಹಳ ಮಂದಿ. ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಿತು, ಮತ್ತು ಸರ್ಜನ್ ಕೈಚಳಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ವ್ಯತ್ಯಾಸ ಇರೋದು ಮನೆಗೆ ಬಂದ ಮೇಲೆ. ಕನಿಷ್ಠ 2 ವರ್ಷ ಆಪರೇಷನ್ ಮಾಡಿದ ತಂಡವೇ ನೋಡಿಕೊಳ್ಳಬೇಕು, ಆಮೇಲೆ ಜೀವನ ಪೂರ್ತಿ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಅಂತ ಇಲ್ಲಿನ ಮಾರ್ಗಸೂಚಿ ಹೇಳುತ್ತದೆ. ತಮ್ಮನಿಗೆ ಸಿಕ್ಕಿದ್ದು ಒಂದು ಡಯಟ್ ಚಾರ್ಟು, ಕೆಲವು ಫೋನು, ಮತ್ತೆ 'ವಾಕ್ ಮಾಡಿ ಸಾರ್' ಅನ್ನೋ ಮಾತು.

ಬರೀ ವಾಕ್ ಸಾಲದು. ಇದನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ, ನನಗೆ ಸಿಟ್ಟು ಬರೋದು ಅಲ್ಲೇ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದುಹಾಕುತ್ತಾರೆ. ತಿನ್ನೋದು ಸಣ್ಣ ಬಟ್ಟಲಷ್ಟು. ಆ ಸ್ಥಿತಿಯಲ್ಲಿ ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳೋಕೆ ಎರಡೇ ದಾರಿ: ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್, ಮತ್ತು ಸ್ನಾಯುಗಳಿಗೆ ಭಾರ. ಅನ್ನ, ಮುದ್ದೆಗೆ ಮೊದಲ ಜಾಗ ಕೊಟ್ಟರೆ ಆ ಸಣ್ಣ ಹೊಟ್ಟೆಯಲ್ಲಿ ಮೊಟ್ಟೆಗೂ ಕಾಳಿಗೂ ಜಾಗ ಇರೋದಿಲ್ಲ. ಹೆಸರುಕಾಳು ಉಸಲಿ, ಪನ್ನೀರು, ಗಟ್ಟಿ ಮೊಸರು ಮೊದಲು, ಉಳಿದದ್ದು ಆಮೇಲೆ. ಇನ್ನು ಭಾರದ ವಿಷಯಕ್ಕೆ ಬಂದರೆ, ಇಲ್ಲಿನ ಸರ್ಕಾರದ ಸಲಹೆ ವಾರಕ್ಕೆ 150 ನಿಮಿಷ ಉಸಿರು ಜೋರಾಗುವಂಥ ಓಡಾಟ, ಅದರ ಜೊತೆ 2 ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು. ನಮ್ಮವರು ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ. ಮೈಸೂರಿನ ಗರಡಿ ಮನೆಗಳಲ್ಲಿ ದಂಡ ಹೊಡೆಯೋದು, ಬಸ್ಕಿ ಹೊಡೆಯೋದು ಎಷ್ಟು ತಲೆಮಾರಿನಿಂದ ಇದೆ! ಕುರ್ಚಿ ಹಿಡಿದುಕೊಂಡು ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಸರ್ಜನ್ ಒಪ್ಪಿಗೆ ಸಿಕ್ಕಿದ ಮೇಲೆ ಮನೆಯಲ್ಲೇ ಶುರು ಮಾಡಬಹುದು. ಕಾಸು ಖರ್ಚಿಲ್ಲ.

ಸರಿ, ಮಾಡಬೇಕಾದ್ದು ಗೊತ್ತಾಯಿತು. ಮಾಡುತ್ತಾ ಇರೋದು ಹೇಗೆ?

ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡುವುದರಿಂದ ಶುರುವಾದದ್ದು, ಈಗ ದೇಶದ ಪ್ರತಿ ಊರಲ್ಲೂ ಇದೆ ಅನ್ನಬಹುದು. ಶನಿವಾರ ಬೆಳಗ್ಗೆ 9 ಗಂಟೆ, 5 ಕಿಲೋಮೀಟರು, ದುಡ್ಡಿಲ್ಲ. ಎಲ್ಲ ಕೆಲಸ ಸ್ವಯಂಸೇವಕರದ್ದು. ಓಡಲೇಬೇಕು ಅಂತಿಲ್ಲ, ನಡೆದರೂ ಆಯಿತು. ನನಗೆ ತುಂಬ ಹಿಡಿಸಿದ್ದು ಟೈಲ್ ವಾಕರ್ ಅನ್ನೋ ಏರ್ಪಾಡು. ಒಬ್ಬ ಸ್ವಯಂಸೇವಕರು ಎಲ್ಲರಿಗಿಂತ ಹಿಂದೆ ನಡೆಯುತ್ತಾರೆ, ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗೋದಿಲ್ಲ. ಜೀವನ ಪೂರ್ತಿ ಸ್ಕೂಲಿನ ಓಟದಲ್ಲಿ ಕೊನೆಗೆ ಬಂದವನಿಗೆ ಇದರ ಬೆಲೆ ಗೊತ್ತು. ಲೀಡ್ಸ್‌ನ ರೌಂಡ್‌ಹೇ ಪಾರ್ಕಿನ ಏರು ಹತ್ತುವಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನ ಪಕ್ಕ ಬಂದು ಹವಾಮಾನದ ಬಗ್ಗೆ ಮಾತಾಡಿದರು, ನಾಯಿ ಬಗ್ಗೆ ಮಾತಾಡಿದರು, ಆಮೇಲೆ ಮುಂದೆ ಹೋದರು. ನಾನು ದಪ್ಪ ಇದ್ದಾಗಲೂ ಹಾಗೇ, ಇಳಿದ ಮೇಲೂ ಹಾಗೇ. ಓಡೋಕೆ ಕಲಿತಿದ್ದು ಕೌಚ್ ಟು 5ಕೆ ಅನ್ನೋ ಆ್ಯಪಿನಿಂದ, 9 ವಾರದ ಪಾಠ, ಮೊದಲ ದಿನ 60 ಸೆಕೆಂಡು ಓಡು, 90 ಸೆಕೆಂಡು ನಡೆ. ವಾರಗಳನ್ನು ಎಷ್ಟು ಸಲ ಬೇಕಾದರೂ ಪುನಃ ಮಾಡಬಹುದು. ಆದರೆ ಆ್ಯಪ್ ನನ್ನನ್ನು ಎರಡನೇ ವರ್ಷ ಎಬ್ಬಿಸಲಿಲ್ಲ. ಎಬ್ಬಿಸಿದ್ದು ಶನಿವಾರ ನಾನು ಬರದಿದ್ದರೆ ಮುಂದಿನ ವಾರ 'ಕಾಣಲಿಲ್ಲವಲ್ಲ' ಅಂತ ಕೇಳುವ ಮುಖಗಳು.

ನಮ್ಮೂರಲ್ಲಿ ಇಂಥ ಜನರಿಗೆ ಬರ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಹೋಗಿ ನೋಡಿ. ಲಾಲ್‌ಬಾಗ್‌ನಲ್ಲಿ ನೋಡಿ. ಇಪ್ಪತ್ತು ಮೂವತ್ತು ವರ್ಷದಿಂದ ಒಟ್ಟಿಗೆ ನಡೆಯುವ ಗುಂಪುಗಳಿವೆ, ಒಬ್ಬರು ಬರದಿದ್ದರೆ ಮನೆಗೇ ಫೋನ್ ಹೋಗುತ್ತದೆ, ನಡಿಗೆ ಮುಗಿದ ಮೇಲೆ ಕಾಫಿ. ಇಷ್ಟು ಆತ್ಮೀಯತೆ ಇಂಗ್ಲೆಂಡಿನ ಯಾವ ಪಾರ್ಕಿನಲ್ಲೂ ನನಗೆ ಸಿಕ್ಕಿಲ್ಲ. ಆದರೆ ತಮ್ಮ ಅಲ್ಲಿಗೆ ಹೋಗೋದನ್ನ ನಿಲ್ಲಿಸಿಬಿಟ್ಟ. ಮೊದಲು ದಿನಾ ಒಂದೇ ಮಾತು, ಇನ್ನೂ ಇಳೀಲಿಲ್ವಾ? ಇಳಿದ ಮೇಲೆ ಇನ್ನೊಂದು: ಏನಯ್ಯಾ ಹೀಗ್ ಸೊರಗಿದೀಯ, ಷುಗರ್ ಬಂತಾ? ಮುಖದಲ್ಲಿ ಕಳೆಯೇ ಇಲ್ಲ, ಮೊದಲೇ ಚೆನ್ನಾಗಿದ್ದೆ. ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ತಲೆಗೂದಲು ಉದುರುವುದು ಮಾಮೂಲು, ಬಹಳಷ್ಟು ಜನಕ್ಕೆ ಮತ್ತೆ ಬೆಳೆಯುತ್ತದೆ. ಆದರೆ ಆ ಹೊತ್ತಿನಲ್ಲಿ ಮದುವೆ ಮನೆಗೆ ಹೋದರೆ ಏನೇನು ಕೇಳಿಸಿಕೊಳ್ಳಬೇಕು ಅಂತ ಅನುಭವಿಸಿದವರಿಗೇ ಗೊತ್ತು. ಆಪರೇಷನ್ ಅಂತ ಹೇಳಿದರಂತೂ ಕಷ್ಟಪಡದೆ ಸುಲಭದ ದಾರಿ ಹಿಡಿದ ಅನ್ನುತ್ತಾರೆ. ಹೊಟ್ಟೆಯ ಮುಕ್ಕಾಲು ಭಾಗ ಕಳೆದುಕೊಳ್ಳೋದು ಯಾವ ಸುಲಭ? ಇವರು ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ದಿನಾ ಬೆಳಗ್ಗೆ ಮೈಯನ್ನು ಪರೀಕ್ಷೆಗೆ ಒಡ್ಡಿಕೊಂಡು ಯಾರು ತಾನೇ ವಾಕಿಂಗ್ ಹೋಗುತ್ತಾರೆ?

ಗಂಡಸರ ವಿಷಯ ಒಂದು ಹೇಳಲೇಬೇಕು, ಯಾಕಂದ್ರೆ ಯಾರೂ ಹೇಳೋದಿಲ್ಲ. ತುಂಬ ತೂಕ ಇಳಿದರೆ ಚರ್ಮ ಜೋತುಬೀಳುತ್ತದೆ. ಎದೆ, ಹೊಟ್ಟೆ, ತೋಳಿನ ಕೆಳಗೆ. ಎಷ್ಟು ಅನ್ನೋದು ವಯಸ್ಸು, ಇಳಿದ ತೂಕ, ಹುಟ್ಟಿನಿಂದ ಬಂದ ಚರ್ಮದ ಗುಣ ಇದರ ಮೇಲೆ ನಿಂತಿದೆ. ಎಷ್ಟೇ ದಂಡ ಹೊಡೆದರೂ ಜಾಸ್ತಿಯಾದ ಚರ್ಮ ಕರಗೋದಿಲ್ಲ, ಒಳಗಿನ ಸ್ನಾಯು ತುಂಬಿಕೊಂಡರೆ ಸ್ವಲ್ಪ ಆಕಾರ ಬರುತ್ತದೆ ಅಷ್ಟೇ. ಉಡುಪಿಗೋ ಧರ್ಮಸ್ಥಳಕ್ಕೋ ಹೋದರೆ ನಾವು ಅಂಗಿ ಬಿಚ್ಚಬೇಕು. ಮನೆಯಲ್ಲಿ ಉಪನಯನ ಅಂದರೆ ಪಂಚೆ, ಶಲ್ಯ. ನೂರಾರು ಜನರ ಸಾಲಿನಲ್ಲಿ ಅಂಗಿ ಬಿಚ್ಚಿ ನಿಲ್ಲೋದಕ್ಕೆ ದಪ್ಪಗಿದ್ದಾಗ ನನಗೆ ಇಷ್ಟು ಸಂಕೋಚ ಆಗುತ್ತಿರಲಿಲ್ಲ, ಡೊಳ್ಳು ಹೊಟ್ಟೆಯ ಗಂಡಸರು ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಜೋತುಬಿದ್ದ ಎದೆ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ ಅನ್ನಿಸುತ್ತದೆ. ನನ್ನ ತಮ್ಮ ದೇವಸ್ಥಾನದ ಹೊರಗೇ ಕೈಮುಗಿದು ಬಂದದ್ದೂ ಇದೆ. ಚರ್ಮ ತೆಗೆಯುವ ಆಪರೇಷನ್ ಇದೆ, ತೂಕ ಒಂದೇ ಕಡೆ ನಿಂತು ಕೆಲವು ತಿಂಗಳಾದ ಮೇಲೆ ಮಾಡುತ್ತಾರೆ. ಎನ್‌ಎಚ್‌ಎಸ್ ಕೂಡ ಅದನ್ನು ಎಲ್ಲರಿಗೂ ಸುಮ್ನೆ ಮಾಡಿಕೊಡೋದಿಲ್ಲ. ಬಹುಪಾಲು ಜನ ಈ ಚರ್ಮದ ಜೊತೆಗೇ ಬದುಕಬೇಕು, ಬೆವರಿದಾಗ ಮಡಿಕೆಯಲ್ಲಿ ಉಜ್ಜಿ ಹುಣ್ಣಾಗದ ಹಾಗೆ ಬಿಗಿಯಾದ ಬನಿಯನ್ನು ಹಾಕಿಕೊಂಡು, ವ್ಯಾಸಲೀನ್ ಹಚ್ಚಿಕೊಂಡು ಓಡಬೇಕು. ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳುವ ಆಸ್ಪತ್ರೆ ಒಳ್ಳೆಯ ಆಸ್ಪತ್ರೆ.

ಹಾಗಂತ ಇಂಗ್ಲೆಂಡಿನ ಮೌನ ಎಲ್ಲದಕ್ಕೂ ಮದ್ದಲ್ಲ. ಈಜುಕೊಳದ ಬಟ್ಟೆ ಬದಲಿಸುವ ಜಾಗದಲ್ಲಿ ಯಾರೂ ನನ್ನ ಕಡೆ ನೋಡೋದಿಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಆಫೀಸಿನಲ್ಲಿ ಒಂದು ವರ್ಷ ನಾನು ಕಣ್ಣೆದುರೇ ಅರ್ಧ ಆದರೂ ಯಾರೂ ಒಂದು ಮಾತು ಕೇಳಲಿಲ್ಲ. ಹುಷಾರಾಗಿದ್ದೀಯಾ ಅಂತಲೂ ಕೇಳಲಿಲ್ಲ. ಮನಸ್ಸಿಗೆ ಇನ್ನೂ ಹಳೇ ಮೈಯೇ ನೆನಪಿರುತ್ತದೆ, ಬಸ್ಸಿನಲ್ಲಿ ಅಡ್ಡ ತಿರುಗಿ ಸರಿಯುತ್ತೇವೆ, ಅಂಗಡಿಯಲ್ಲಿ ಕೈ ದೊಡ್ಡ ಸೈಜಿಗೇ ಹೋಗುತ್ತದೆ, ಕನ್ನಡಿಯಲ್ಲಿ ಕಾಣೋನು ಯಾರು ಅಂತ ತಿಳಿಯೋದಿಲ್ಲ. ಆಗ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಇಲ್ಲಿ ಹೇಳೋಕೆ ಯಾರೂ ಸಿಗೋದಿಲ್ಲ. ನನಗೆ ಸಿಕ್ಕಿದ್ದು ಬೆಂಗಳೂರಿನ ತಮ್ಮನೇ.

ಈಗ ಮೌಂಜಾರೊ, ವೆಗೋವಿಯಂಥ ತೂಕ ಇಳಿಸುವ ಇಂಜೆಕ್ಷನ್‌ಗಳು 2025ರಿಂದ ಭಾರತದಲ್ಲೂ ಸಿಗುತ್ತಿವೆ. ಅವುಗಳಿಂದ ಇಳಿದವರಿಗೂ ಇದೇ ಚರ್ಮ, ಇದೇ ಸ್ನಾಯು, ಇದೇ ಮಾತುಗಳು. ಅಂದರೆ ಇದು ಇನ್ನು ಮುಂದೆ ನಾಲ್ಕಾರು ಜನರ ಪಾಡಲ್ಲ.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಈ ಆಪರೇಷನ್ ಮಾಡುವ ಡಾಕ್ಟರುಗಳನ್ನ ನಾನು ಕೇಳಿಕೊಳ್ಳೋದು ಇಷ್ಟೇ. ಬಿಲ್ಲಿನಲ್ಲೇ 2 ವರ್ಷದ ಫಾಲೋಅಪ್ ಸೇರಿಸಿ. ಅದರಲ್ಲಿ ಫಿಸಿಯೋಥೆರಪಿಯವರೊಬ್ಬರು ಇರಲಿ, ದಂಡ ಬಸ್ಕಿ ಸರಿಯಾಗಿ ಹೇಳಿಕೊಡಲಿ. ತಿಂಗಳಿಗೊಮ್ಮೆ ನಿಮ್ಮ ಹಳೇ ರೋಗಿಗಳನ್ನು ಒಂದು ಪಾರ್ಕಿಗೆ ಕರೆಯಿರಿ, ಆಪರೇಷನ್ ಆಗಿ ಐದು ವರ್ಷ ಆದವರು ಹೊಸಬರ ಜೊತೆ ನಡೆಯಲಿ. ಆಸ್ಪತ್ರೆಗೆ ಇದರಿಂದ ದೊಡ್ಡ ಖರ್ಚೇನೂ ಇಲ್ಲ.

ಹೊಸದಾಗಿ ಮಾಡಿಸಿಕೊಂಡವರಿಗೆ ನನ್ನ ಸಲಹೆ, ಮೊದಲ ವರ್ಷದಲ್ಲೇ ತೂಕ ಬಿಟ್ಟು ಬೇರೆ ಏನನ್ನಾದರೂ ಅಳೆಯೋಕೆ ಶುರು ಮಾಡಿ. ನನ್ನ ತಮ್ಮ ನೆಲದ ಮೇಲೆ ಪಂಕ್ತಿಯಲ್ಲಿ ಕೂತು, ಕೈ ಊರದೆ ಏಳೋದನ್ನ ಗುರಿ ಮಾಡಿಕೊಂಡ. ನಾನು ಊರಿಗೆ ಬಂದಾಗಲೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಎಲ್ಲಿ ಮೊದಲ ಸಲ ನಿಂತೆ ಅಂತ ಬರೆದಿಡುತ್ತೇನೆ. ತೂಕದ ಅಂಕಿ ಅಲುಗಾಡದೆ ನಿಂತ ತಿಂಗಳುಗಳಲ್ಲೂ ಇವು ಮುಂದೆ ಹೋಗುತ್ತಲೇ ಇದ್ದವು.

ತಮ್ಮ ಈಗ ಮೈಸೂರಿಗೆ ವಾಪಸ್ ಬಂದಿದ್ದಾನೆ. ತನ್ನ ಹಾಗೇ ಆಪರೇಷನ್ ಆದ ಮೂರು ನಾಲ್ಕು ಜನರನ್ನ ಸೇರಿಸಿಕೊಂಡು ಶನಿವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಾನೆ. ಒಂದೇ ನಿಯಮ: ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಹೇಳದಿದ್ದರೆ ಯಾರ ತೂಕವನ್ನೂ ಯಾರೂ ಕೇಳಬಾರದು. ಕಾಫಿಗೆ ಮಾತ್ರ ಎಲ್ಲರೂ ಉಳಿಯಬೇಕು. ಹತ್ತಿರದಲ್ಲಿದ್ದರೆ ನೀವೂ ಬನ್ನಿ, ಇಲ್ಲ ಅಂದ್ರೆ ನಿಮ್ಮೂರಿನ ಕೆರೆ ಏರಿ ಮೇಲೆ ನೀವೇ ಒಂದು ಗುಂಪು ಶುರು ಮಾಡಿ.